ಗೋಲ್ಡ್ ಕೋಸ್ಟ್ 1957ರಲ್ಲೇ ಬ್ರಿಟಿಷರ ಕೈತಪ್ಪಿದ್ದು ಯಾಕೆ? ಪುಸ್ತಕದ ಕಾರಣಗಳು ಸಾಲುತ್ತಿಲ್ಲ

ಅಂಚೆಚೀಟಿ (ಪ್ರಶ್ನೆ)

ಪದವಿ ತರಗತಿಗೆ ಆಫ್ರಿಕಾದ ವಸಾಹತುಗಳ ಬಿಡುಗಡೆ ಬಗ್ಗೆ ಟಿಪ್ಪಣಿ ತಯಾರಿಸುತ್ತಿದ್ದೇನೆ. ಘಾನಾ ಅಧ್ಯಾಯಕ್ಕೆ ಬಂದರೆ ಯಾವ ಪುಸ್ತಕ ತೆರೆದರೂ ಅದೇ ನಾಲ್ಕು ಮಾತು: ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಬಸವಳಿಯಿತು, ಯುದ್ಧದಿಂದ ಮರಳಿದ ಸೈನಿಕರಲ್ಲಿ ಜಾಗೃತಿ ಮೂಡಿತು, 1947ರಲ್ಲಿ ಭಾರತ ಸ್ವತಂತ್ರವಾದದ್ದು ಸ್ಫೂರ್ತಿ ಕೊಟ್ಟಿತು, ಎನ್‌ಕ್ರೂಮಾ ಅವರಂಥ ನಾಯಕ ಸಿಕ್ಕರು. ಯಾವುದೂ ಸುಳ್ಳಲ್ಲ. ಆದರೆ ಇವಿಷ್ಟೂ ನೈಜೀರಿಯಾಕ್ಕೂ ಕೆನ್ಯಾಕ್ಕೂ ಸಿಯೆರಾ ಲಿಯೋನ್‌ಗೂ ಹೆಚ್ಚುಕಮ್ಮಿ ಹೊಂದುತ್ತವೆ. ನೈಜೀರಿಯಾ 1960ರವರೆಗೆ, ಸಿಯೆರಾ ಲಿಯೋನ್ 1961ರವರೆಗೆ, ಕೆನ್ಯಾ 1963ರವರೆಗೆ ಕಾಯಬೇಕಾಯಿತು. ಗೋಲ್ಡ್ ಕೋಸ್ಟ್ 1957ರ ಮಾರ್ಚ್ 6ಕ್ಕೇ ಘಾನಾ ಆಗಿಬಿಟ್ಟಿತು.

ಹಾಗಾದರೆ ಅಲ್ಲಿಗೇ ವಿಶೇಷವಾದ ಕಾರಣ ಏನಿತ್ತು? 1948ರ ಗಲಭೆಯೇ ತಿರುವು ಅನ್ನುತ್ತಾರೆ. ಮೂವರು ಮಾಜಿ ಸೈನಿಕರ ಸಾವಿಗೆ ಇಡೀ ವಸಾಹತು ಹೊತ್ತಿಕೊಳ್ಳುವಷ್ಟು ಸೌದೆ ಎಲ್ಲಿಂದ ಬಂತು? ಸೂಯೆಜ್ ಸೋಲು (1956ರಲ್ಲಿ ಈಜಿಪ್ಟಿನ ಸೂಯೆಜ್ ಕಾಲುವೆಗಾಗಿ ಬ್ರಿಟನ್ ನಡೆಸಿದ ದಾಳಿ ಕೈಕೊಟ್ಟದ್ದು) ಕಾರಣ ಅಂತಲೂ ಒಂದು ಕಡೆ ಓದಿದೆ, ಅದು ಸರಿಯೇ? ಗೊತ್ತಿರುವವರು ವಿವರವಾಗಿ ಬರೆದರೆ ಉಪಕಾರ.

ಕಡತಪ್ರಿಯ

ನಿಮ್ಮ ಪಟ್ಟಿಯಲ್ಲಿ ಕೋಕೋ ಇಲ್ಲ. ಅಲ್ಲಿಂದ ಶುರು ಮಾಡಿ, ಸೌದೆ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರ ತಾನಾಗಿ ಸಿಗುತ್ತದೆ.

1911ರ ಹೊತ್ತಿಗೆ ಗೋಲ್ಡ್ ಕೋಸ್ಟ್ ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ರಫ್ತು ಮಾಡುವ ನಾಡಾಗಿತ್ತು. ಬೆಳೆದವರು ಬಿಳಿಯ ಪ್ಲಾಂಟರುಗಳಲ್ಲ, ಸ್ವಂತ ಜಮೀನಿನಲ್ಲಿ ತೋಟ ಮಾಡಿದ ಆಫ್ರಿಕನ್ ರೈತರು. ಕೊಳ್ಳುವವರು ಮಾತ್ರ ಯುರೋಪಿನ ಕಂಪನಿಗಳು. ಅವುಗಳಲ್ಲಿ ದೊಡ್ಡದು ಯೂನಿಲಿವರ್‌ಗೆ ಸೇರಿದ ಯುನೈಟೆಡ್ ಆಫ್ರಿಕಾ ಕಂಪನಿ. 1937ರಲ್ಲಿ ಈ ಕಂಪನಿಗಳು ಒಳಗೊಳಗೇ ಒಪ್ಪಂದ ಮಾಡಿಕೊಂಡು, ತಮ್ಮಲ್ಲಿ ಪೈಪೋಟಿ ಬೇಡ, ಮಾಲನ್ನು ಪಾಲು ಹಂಚಿಕೊಂಡು ಕೊಳ್ಳೋಣ ಅಂತ ನಿಂತವು. ರೈತರು ಕೋಕೋ ಮಾರುವುದನ್ನೇ ನಿಲ್ಲಿಸಿದರು, ಕಂಪನಿಗಳ ಅಂಗಡಿಯಲ್ಲಿ ಸಾಮಾನು ಕೊಳ್ಳುವುದನ್ನೂ ಬಿಟ್ಟರು. ಚೀಫ್‌ಗಳು, ಅಂದರೆ ಊರು ಸೀಮೆಗಳ ಸಾಂಪ್ರದಾಯಿಕ ಮುಖ್ಯಸ್ಥರು, ಬೆನ್ನಿಗೆ ನಿಂತರು. 1938ರ ಏಪ್ರಿಲ್‌ವರೆಗೆ ಹೀಗೇ ನಡೆದು, ಕೊನೆಗೆ ಲಂಡನ್ನಿನಿಂದ ನೋವೆಲ್ ಆಯೋಗ ಬಂತು, ಕೊಳ್ಳುವವರ ಒಪ್ಪಂದ ಬಿದ್ದುಹೋಯಿತು.

ಇಲ್ಲಿ ಗಮನಿಸಬೇಕಾದದ್ದು, 1937ರಲ್ಲಿ ರೈತನ ಎದುರಾಳಿ ಕಂಪನಿ. ಸರ್ಕಾರ ನಡುವೆ ನಿಂತ ಪಂಚಾಯ್ತಿದಾರ. ಯುದ್ಧ ಬಂದಮೇಲೆ ಈ ಸ್ಥಾನ ಅದಲುಬದಲಾಯಿತು. ಬ್ರಿಟಿಷ್ ಸರ್ಕಾರವೇ ಇಡೀ ಫಸಲು ಕೊಳ್ಳತೊಡಗಿತು. 1942ರಿಂದ ಪಶ್ಚಿಮ ಆಫ್ರಿಕಾ ಉತ್ಪನ್ನ ನಿಯಂತ್ರಣ ಮಂಡಳಿ, 1947ರಿಂದ ಗೋಲ್ಡ್ ಕೋಸ್ಟಿಗೇ ಪ್ರತ್ಯೇಕ ಕೋಕೋ ಮಾರಾಟ ಮಂಡಳಿ. ಬೆಲೆ ಕಟ್ಟುವುದು ಮಂಡಳಿ, ಊರೂರಿನಲ್ಲಿ ಮಾಲು ಎತ್ತುವುದು ಅದೇ ಹಳೇ ಕಂಪನಿಗಳು. ಯಾರು ಎಷ್ಟು ಎತ್ತಬೇಕು ಅನ್ನುವ ಪಾಲನ್ನೂ ಯುದ್ಧಕ್ಕೆ ಮುಂಚಿನ ವ್ಯಾಪಾರದ ಲೆಕ್ಕ ನೋಡಿ ನಿಗದಿ ಮಾಡಿದ್ದರು, ಅಂದರೆ ದೊಡ್ಡವರಿಗೇ ದೊಡ್ಡ ಪಾಲು. ರೈತನ ಕಣ್ಣಿಗೆ ಕಂಪನಿ, ಸರ್ಕಾರ ಎರಡೂ ಒಂದೇ ಕೈಯಾಗಿ ಕಂಡವು. ಅಲ್ಲಿಂದಾಚೆಗೆ ಬೆಲೆಯ ಜಗಳ ಅಂದರೆ ಸರ್ಕಾರದ ಮೇಲಿನ ಜಗಳ.

ಇದರ ಮೇಲೆ ಮರ ಕಡಿಯುವ ಕಥೆ ಬಂತು. ಪಠ್ಯಗಳು ಇದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತವೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

1936ರಲ್ಲಿ ಕೊಫೊರಿಡುವಾ ಸುತ್ತಮುತ್ತ ಕೋಕೋ ಮರಗಳಿಗೆ ಹೊಸ ರೋಗ ಕಾಣಿಸಿತು. ರೆಂಬೆ ಮತ್ತು ಬೇರು ಅಲ್ಲಲ್ಲಿ ಊದಿಕೊಳ್ಳುತ್ತವೆ, ಎಳೆ ಎಲೆಯ ನರಗಳ ಉದ್ದಕ್ಕೂ ಕೆಂಪು ಪಟ್ಟಿ ಮೂಡುತ್ತದೆ, ಕಾಯಿ ಚಿಕ್ಕದಾಗಿ ಗುಂಡಗಾಗುತ್ತದೆ. ಟಾಫೋ ಸಂಶೋಧನಾ ಕೇಂದ್ರದವರು ಇದು ವೈರಸ್, ಹರಡುವುದು ಹಿಟ್ಟು ತಿಗಣೆ ಅಂತ ಕಂಡುಹಿಡಿದರು. ತಿಗಣೆಯನ್ನು ಇರುವೆಗಳು ಸಾಕುತ್ತವೆ, ಒಂದಕ್ಕೊಂದು ತಾಗುವ ಕೊಂಬೆಗಳ ಮೂಲಕ ಅದು ಪಕ್ಕದ ಮರಕ್ಕೆ ದಾಟುತ್ತದೆ, ಎಳೆಯ ಮರಿಗಳನ್ನು ಗಾಳಿಯೂ ಹೊತ್ತೊಯ್ಯುತ್ತದೆ. ರೋಗ ಹತ್ತಿದ ಮರಕ್ಕೆ ಮದ್ದಿಲ್ಲ. ಕಡಿದು ಹಾಕುವುದೊಂದೇ ದಾರಿ. ಆಡಳಿತ 1940ರ ದಶಕದ ಕೊನೆಯಲ್ಲಿ ಇದನ್ನು ಕಡ್ಡಾಯ ಮಾಡಿ, ಕೃಷಿ ಇಲಾಖೆಯ ಕೂಲಿ ತಂಡಗಳನ್ನು ತೋಟಗಳಿಗೆ ಕಳಿಸಿತು.

ವಿಜ್ಞಾನ ಸರಿಯಾಗಿಯೇ ಇತ್ತು, ಕೆಟ್ಟದ್ದು ರೈತನ ಲೆಕ್ಕ. ರೋಗ ಹತ್ತಿದ ಮರ ಆ ಕೂಡಲೇ ಸಾಯುವುದಿಲ್ಲ, ಎರಡು ಮೂರು ವರ್ಷ ಎಳೆಯುತ್ತದೆ, ಅಷ್ಟು ದಿನ ಇಷ್ಟೋ ಅಷ್ಟೋ ಕಾಯಿ ಬಿಡುತ್ತದೆ. ಕಡಿದು ಹೊಸ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು. ಯುದ್ಧದ ನಂತರ ಕೋಕೋ ಬೆಲೆ ಏರುತ್ತಿದ್ದ ಕಾಲ ಬೇರೆ. ರೋಗ ಹೊರಗೆ ಕಾಣಲು ತಿಂಗಳುಗಟ್ಟಲೆ ಹಿಡಿಯುವುದರಿಂದ ತಂಡ ಒಮ್ಮೆ ಬಂದು ಹೋದರೆ ಸಾಲದು, ಮತ್ತೆ ಮತ್ತೆ ಬರಬೇಕು. ಪ್ರತಿ ಸಲವೂ ಕಳೆದ ಸಲ ಚೆನ್ನಾಗಿದ್ದ ಮರಕ್ಕೆ ಕೊಡಲಿ. ತೋಟವನ್ನು ಅಬುಸಾ ಪದ್ಧತಿಯಲ್ಲಿ, ಅಂದರೆ ಫಸಲಿನ ಮೂರನೇ ಒಂದು ಪಾಲಿಗೆ, ನೋಡಿಕೊಳ್ಳುತ್ತಿದ್ದ ಆಳಿಗೆ ಮರ ಹೋದರೆ ಕೂಲಿಯೂ ಹೋಯಿತು. ಸಾಲಕ್ಕೆ ತೋಟ ಅಡವಿಟ್ಟವನ ಪಾಡು ಇನ್ನೂ ಕಷ್ಟ. ಸಿಕ್ಕ ಪರಿಹಾರ ಈ ನಷ್ಟದ ಮುಂದೆ ಏನೇನೂ ಅಲ್ಲ. ಕಂಪನಿಗಳಿಗೆ ಲಾಭವಾಗಲೆಂದೋ, ಬೇರೆ ವಸಾಹತಿನ ಕೋಕೋಗೆ ಜಾಗ ಮಾಡಿಕೊಡಲೆಂದೋ ಬೇಕಂತಲೇ ನಮ್ಮ ಮರ ಕಡಿಯುತ್ತಿದ್ದಾರೆ ಅನ್ನುವ ಸುದ್ದಿ ಹಬ್ಬಲು ಇನ್ನೇನು ಬೇಕು?

ಪೇಟೆಯ ಕಡೆ ಬೇರೆ ಸಂಕಟ. ಆಮದು ಪರವಾನಗಿ ಪಶ್ಚಿಮ ಆಫ್ರಿಕಾ ವರ್ತಕರ ಸಂಘದ ದೊಡ್ಡ ಕಂಪನಿಗಳ ಕೈಯಲ್ಲಿತ್ತು. ಬಟ್ಟೆಯ ಅಭಾವ. ಬೇಕಾದ ಬಟ್ಟೆ ಬೇಕೆಂದರೆ ಬೇಡದ ಸರಕನ್ನೂ ಕೊಳ್ಳಬೇಕು ಎಂಬ ಷರತ್ತಿನ ವ್ಯಾಪಾರ ನಡೆಯುತ್ತಿತ್ತು. ಆಕ್ರಾದ ನೀ ಕ್ವಾಬೆನಾ ಬೊನ್ನೆ ಎಂಬ ಚೀಫ್ 1948ರ ಜನವರಿ 26ರಿಂದ ಆಮದು ಸರಕಿನ ಬಹಿಷ್ಕಾರಕ್ಕೆ ಕರೆ ಕೊಟ್ಟ. ಒಂದು ತಿಂಗಳು ಬಿಗಿಯಾಗಿ ನಡೆಯಿತು. ಸರ್ಕಾರ ಮಧ್ಯೆ ಬಂದು, ಕಂಪನಿಗಳು ಒಟ್ಟು ಲಾಭಾಂಶವನ್ನು ಶೇ. 75ರಿಂದ ಶೇ. 50ಕ್ಕೆ ಇಳಿಸುವುದು ಅಂತ ಒಪ್ಪಂದವಾಯಿತು. ಬಹಿಷ್ಕಾರ ಮುಗಿದು ಅಂಗಡಿಗೆ ಜನ ನುಗ್ಗಿದ್ದು ಫೆಬ್ರವರಿ 28ರ ಶನಿವಾರ. ಬೆಲೆಯೂ ಅರ್ಧಕ್ಕೆ ಇಳಿಯುತ್ತದೆ ಅಂದುಕೊಂಡು ಹೋದವರಿಗೆ ನಿರಾಸೆ. ಲಾಭಾಂಶದಲ್ಲಿ ಅಷ್ಟು ಕಡಿತವಾದರೆ ಗಿರಾಕಿಗೆ ಇಳಿಯುವುದು ಏಳನೇ ಒಂದು ಭಾಗ ಮಾತ್ರ. 100 ಶಿಲ್ಲಿಂಗ್ ಅಸಲಿನ ಮಾಲು 175ರ ಬದಲು 150. ಆಡಳಿತ ಇದನ್ನು ಮುಂಚೆಯೇ ಸರಿಯಾಗಿ ಸಾರಿ ಹೇಳಿದ್ದರೆ ಆ ದಿನ ಅಷ್ಟು ಕೆಡುತ್ತಿರಲಿಲ್ಲವೇನೋ.

ಅದೇ ಮಧ್ಯಾಹ್ನ ಮಾಜಿ ಸೈನಿಕರ ಸಂಘದವರು ಪಿಂಚಣಿ, ಕೆಲಸದ ಬೇಡಿಕೆಯ ಮನವಿ ಹಿಡಿದು ಮೆರವಣಿಗೆ ಹೊರಟರು. ಅನುಮತಿ ಸಿಕ್ಕಿದ್ದ ದಾರಿ ಬಿಟ್ಟು ಗವರ್ನರ್ ಇದ್ದ ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಯತ್ತ ತಿರುಗಿದರು. ಅಡ್ಡಗಟ್ಟಿದ್ದ ಸಣ್ಣ ಪೊಲೀಸ್ ತುಕಡಿ ಗುಂಡು ಹಾರಿಸಿತು. ಸಾರ್ಜೆಂಟ್ ಅಡ್ಜೆಟೆ, ಕಾರ್ಪೊರಲ್ ಅಟ್ಟಿಪೊ, ಪ್ರೈವೇಟ್ ಒಡಾರ್ಟೆ ಲ್ಯಾಂಪ್ಟೆ ಸತ್ತರು. ಸುದ್ದಿ ಬಂದಾಗ ಪೇಟೆಯಲ್ಲಿ ಸಿಟ್ಟಿಗೆದ್ದ ಗಿರಾಕಿಗಳು ಆಗಲೇ ಜಮಾಯಿಸಿದ್ದರು. ಕಂಪನಿ ಅಂಗಡಿಗಳಿಗೆ ಬೆಂಕಿ ಬಿತ್ತು, ಜೈಲು ಒಡೆದರು. ನ್ಸಾವಾಮ್, ಕೊಫೊರಿಡುವಾ, ಕುಮಾಸಿಗೂ ಹಬ್ಬಿತು. ಒಟ್ಟು 29 ಸಾವು, 237 ಮಂದಿಗೆ ಗಾಯ.

ಹಳ್ಳಿಯ ರೈತ, ಪೇಟೆಯ ಗಿರಾಕಿ, ಕೆಲಸವಿಲ್ಲದ ಮಾಜಿ ಸೈನಿಕ, ಮೂರು ಬೇರೆ ಬೇರೆ ಜನ. ಮೂವರ ದೂರಿಗೂ ವಿಳಾಸ ಒಂದೇ ಆಗಿತ್ತು. ಬೇರೆ ವಸಾಹತುಗಳಲ್ಲಿ ಇಷ್ಟು ನೇರವಾಗಿ ಹೀಗಾಗಲಿಲ್ಲ.

ಮತಪೆಟ್ಟಿಗೆ

ಕಡತಪ್ರಿಯ ಅವರು ಬರೆದದ್ದರಲ್ಲಿ ತಪ್ಪಿಲ್ಲ, ಆದರೆ ಅದು ಗಲಭೆಗೆ ಕಾರಣ ಹೇಳುತ್ತದೆ, ಸ್ವಾತಂತ್ರ್ಯಕ್ಕಲ್ಲ. ಗಲಭೆ ಎಲ್ಲೆಲ್ಲೋ ಆಗಿದೆ. ಸಾಮ್ರಾಜ್ಯ ಗುಂಡು ಹಾರಿಸಿ, ಆಯೋಗ ಕೂರಿಸಿ, ನಾಲ್ಕು ಸುಧಾರಣೆ ಕೊಟ್ಟು ಹತ್ತು ವರ್ಷ ತಳ್ಳುವುದು ವಾಡಿಕೆ. ಇಲ್ಲಿ ಯಾಕೆ ತಳ್ಳಲಾಗಲಿಲ್ಲ ಅನ್ನುವುದು ಪ್ರಶ್ನೆ. ಉತ್ತರ ಸಂವಿಧಾನದ ಒಳಗಿದೆ.

1946ರ ಬರ್ನ್ಸ್ ಸಂವಿಧಾನವನ್ನು ತೆಗೆದುಕೊಳ್ಳಿ. ಶಾಸನ ಸಭೆಯಲ್ಲಿ ಆಫ್ರಿಕನ್ನರಿಗೇ ಬಹುಮತ ಕೊಟ್ಟೆವು ಅಂತ ಬ್ರಿಟಿಷರು ಬೀಗಿದರು. 18 ಚುನಾಯಿತ ಸ್ಥಾನಗಳು. ಅವುಗಳಲ್ಲಿ 9 ಕರಾವಳಿ ಕಾಲನಿಯ ಚೀಫ್‌ಗಳ ಮಂಡಳಿಗೆ, 4 ಅಶಾಂತಿ ಎಂಬ ಒಳನಾಡಿನ ಪ್ರಾಂತ್ಯದ ಚೀಫ್‌ಗಳಿಗೆ. ಜನ ನೇರವಾಗಿ ಮತ ಹಾಕುತ್ತಿದ್ದದ್ದು ಪಟ್ಟಣಗಳ 5 ಸ್ಥಾನಗಳಿಗೆ ಮಾತ್ರ. ಉತ್ತರ ಪ್ರಾಂತ್ಯಕ್ಕೆ ಒಂದೂ ಇಲ್ಲ. ಅಂದರೆ ಶಾಲೆ ಓದಿ ಗುಮಾಸ್ತನೋ ಮೇಷ್ಟರೋ ಡ್ರೈವರೋ ಆದವನಿಗೆ, ಅಂಥವರು ಸಾವಿರಗಟ್ಟಲೆ ಇದ್ದ ನಾಡಿನಲ್ಲಿ, ಈ ಸಭೆಯಲ್ಲಿ ದನಿಯೇ ಇರಲಿಲ್ಲ. ಅವನ ಊರಿನ ಚೀಫ್ ಅವನ ಪರವಾಗಿ ಮಾತಾಡಬೇಕು, ಮರ ಕಡಿಯುವ ಆಜ್ಞೆಯನ್ನು ಊರಿಗೆ ತಂದವನೂ ಅದೇ ಚೀಫ್.

ಗಲಭೆಯ ನಂತರ ಬಂದ ವ್ಯಾಟ್ಸನ್ ಆಯೋಗ, ಆ ಸಂವಿಧಾನ ಹುಟ್ಟುವಾಗಲೇ ಹಳತಾಗಿತ್ತು ಅಂತ ಖಡಕ್ಕಾಗಿ ಬರೆಯಿತು. ಲಂಡನ್ನು ಎಲ್ಲಾ ಆಫ್ರಿಕನ್ನರೇ ಇದ್ದ 40 ಜನರ ಕೌಸಿ ಸಮಿತಿಗೆ ಹೊಸ ಸಂವಿಧಾನದ ಕೆಲಸ ಒಪ್ಪಿಸಿತು. ವಕೀಲರು, ಚೀಫ್‌ಗಳು, ಗಣ್ಯರು ಇದ್ದರು, ಎನ್‌ಕ್ರೂಮಾ ಇರಲಿಲ್ಲ. ದೊಡ್ಡ ಎಡವಟ್ಟು ಇದೇ. ಸಮಿತಿಯೊಳಗೆ ಕೂತವರು ಅದರ ವರದಿಯ ಹೊಣೆ ಹೊರಬೇಕಾಯಿತು, ಹೊರಗುಳಿದವನಿಗೆ ಇಡೀ ಬೀದಿ ಸಿಕ್ಕಿತು.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. 1947ರ ಆಗಸ್ಟ್ 4ರಂದು ಸಾಲ್ಟ್‌ಪಾಂಡ್‌ನಲ್ಲಿ ಹುಟ್ಟಿದ ಯುಜಿಸಿಸಿ (ಯುನೈಟೆಡ್ ಗೋಲ್ಡ್ ಕೋಸ್ಟ್ ಕನ್ವೆನ್ಷನ್) ಪಕ್ಷ ಡಾಂಕ್ವಾ ಅವರಂಥ ವಕೀಲರು, ಮರದ ವ್ಯಾಪಾರಿ ಪಾ ಗ್ರಾಂಟ್ ಅವರಂಥ ಸಿರಿವಂತರ ಕೂಟ. ಪಕ್ಷದ ಕೆಲಸ ನೋಡಿಕೊಳ್ಳಲು ಲಂಡನ್ನಿನಿಂದ ಎನ್‌ಕ್ರೂಮಾ ಅವರನ್ನು ಕಾರ್ಯದರ್ಶಿಯಾಗಿ ಕರೆಸಿದರು. ಗಲಭೆಗೆ ಇವರೇ ಕಾರಣ ಅಂತ ಸರ್ಕಾರ ಆರು ನಾಯಕರನ್ನು ಹಿಡಿದು ಉತ್ತರಕ್ಕೆ ಅಟ್ಟಿತು. ಗಲಭೆಯನ್ನು ಅವರು ಸಂಘಟಿಸಿರಲಿಲ್ಲ, ಆದರೆ ಬಂಧನ ಅವರನ್ನು ನಾಡಿನ ನಾಯಕರನ್ನಾಗಿ ಮಾಡಿತು. 1949ರ ಜೂನ್ 12ರಂದು ಎನ್‌ಕ್ರೂಮಾ ಒಡೆದು ಹೊರಬಂದು ಸಿಪಿಪಿ (ಕನ್ವೆನ್ಷನ್ ಪೀಪಲ್ಸ್ ಪಾರ್ಟಿ) ಕಟ್ಟಿದರು. ಆ ಪಕ್ಷ ಆದಷ್ಟು ಬೇಗ ಸ್ವರಾಜ್ಯ ಅನ್ನುತ್ತಿತ್ತು, ಈ ಪಕ್ಷ ಈಗಲೇ ಸ್ವರಾಜ್ಯ ಅಂದಿತು. ಇಲ್ಲಿ ಸದಸ್ಯತ್ವದ ಚೀಟಿ, ಪ್ರಚಾರದ ವ್ಯಾನು, ಪತ್ರಿಕೆ, ಮಾರುಕಟ್ಟೆಯ ವ್ಯಾಪಾರಿ ಹೆಂಗಸರು, ಹಳ್ಳಿಹಳ್ಳಿಗೆ ಶಾಖೆ. ಸೆಕೊಂಡಿ-ತಾಕೊರಾಡಿಯ ರೈಲ್ವೆ ಕಾರ್ಮಿಕ ಸಂಘ ಜೊತೆಗಿತ್ತು. ಅವರು ಕೆಲಸ ನಿಲ್ಲಿಸಿದರೆ ಕೋಕೋ ಬಂದರಿಗೆ ಬರುವುದಿಲ್ಲ, ಇದು ಸಣ್ಣ ಮಾತಲ್ಲ.

1950ರ ಜನವರಿಯಲ್ಲಿ ಗಾಂಧಿ ಮಾದರಿಯ ಅಹಿಂಸಾ ಹೋರಾಟ ಅಂತ ಎನ್‌ಕ್ರೂಮಾ ಪಾಸಿಟಿವ್ ಆ್ಯಕ್ಷನ್‌ಗೆ ಕರೆ ಕೊಟ್ಟರು, ಕಾರ್ಮಿಕರೂ ಮುಷ್ಕರ ಹೂಡಿದರು. ಹೋರಾಟವಾಗಿ ನೋಡಿದರೆ ಅದು ಸೋತಿತು. ಕೆಲವೇ ದಿನಗಳಲ್ಲಿ ತುರ್ತುಸ್ಥಿತಿ, ನಾಯಕರೆಲ್ಲ ಜೈಲಿಗೆ. ಆದರೆ ಚುನಾವಣೆಯ ಮುನ್ನಾ ವರ್ಷದ ಜೈಲುವಾಸಕ್ಕಿಂತ ಒಳ್ಳೆ ಪ್ರಚಾರ ಉಂಟೇ? ಹೊರಗೆ ಸಿಪಿಪಿಯ ಇನ್ನೊಬ್ಬ ಮುಖಂಡ ಗ್ಬೆಡೆಮಾ ಯಂತ್ರದ ಹಾಗೆ ಪಕ್ಷ ನಡೆಸಿದರು. ಒಂದು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಾದವನು ಅನರ್ಹ ಅಂತ ನಿಯಮವಿತ್ತು. ಎನ್‌ಕ್ರೂಮಾ ಅವರಿಗಾದದ್ದು ಒಟ್ಟು ಮೂರು ವರ್ಷ, ಆದರೆ ಒಂದೊಂದು ವರ್ಷದ ಮೂರು ಬೇರೆ ಬೇರೆ ಶಿಕ್ಷೆಗಳು. ಆ ಸಂದಿಯಲ್ಲಿ ಜೇಮ್ಸ್ ಫೋರ್ಟ್ ಜೈಲಿನಿಂದಲೇ ಆಕ್ರಾ ಸೆಂಟ್ರಲ್‌ಗೆ ನಿಂತು, ಚಲಾವಣೆಯಾದ 23,122 ಮತಗಳಲ್ಲಿ 22,780 ಗಳಿಸಿದರು. 1951ರ ಫೆಬ್ರವರಿ 8ರ ಆ ಚುನಾವಣೆಯಲ್ಲಿ ಜನಮತದ 38 ಸ್ಥಾನಗಳಲ್ಲಿ 34 ಸಿಪಿಪಿ ಪಾಲು.

ಈಗ ಗವರ್ನರ್ ಆರ್ಡನ್-ಕ್ಲಾರ್ಕ್ ಜಾಗದಲ್ಲಿ ನಿಂತು ನೋಡಿ. 84 ಜನರ ಸಭೆ. ಚೀಫ್‌ಗಳ ಮಂಡಳಿಗಳಿಂದ ಬಂದವರು, ಗಣಿ ಮತ್ತು ವಾಣಿಜ್ಯ ಮಂಡಳಿಯವರು, ಅಧಿಕಾರಿಗಳು ಎಲ್ಲರನ್ನೂ ಕೂಡಿಸಿದರೆ ಎನ್‌ಕ್ರೂಮಾ ಇಲ್ಲದೆಯೂ ಕಾಗದದ ಮೇಲೆ ಸರ್ಕಾರ ರಚಿಸಬಹುದಿತ್ತು. ಆ ಸರ್ಕಾರ ಒಂದು ವಾರವೂ ಬಾಳುತ್ತಿರಲಿಲ್ಲ, 1948 ಮತ್ತೆ ಬರುತ್ತಿತ್ತು. ಚುನಾವಣೆಯಾದ ನಾಲ್ಕನೇ ದಿನ ಎನ್‌ಕ್ರೂಮಾ ಜೈಲಿನಿಂದ ಹೊರಗೆ, ಮರುದಿನ ಗವರ್ನರ್ ಭೇಟಿ. ನನ್ನ ಪ್ರಕಾರ ಬಾಗಿಲು ತೆರೆದದ್ದು ಆವತ್ತೇ. ಮುಂದಿನ ಆರು ವರ್ಷ ದಿನಾಂಕದ ಚೌಕಾಸಿ.

ಅಂಚೆಚೀಟಿ

ಇಬ್ಬರಿಗೂ ಧನ್ಯವಾದ, ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಎರಡು ಸಂದೇಹ ಉಳಿದಿವೆ. ಸೈನಿಕರ ಜಾಗೃತಿ ಅನ್ನುವ ಮಾತನ್ನು ಇಟ್ಟುಕೊಳ್ಳಲೋ ಬಿಡಲೋ? ಬ್ರಿಟನ್ ದಿವಾಳಿಯಾಗಿತ್ತು, ವಸಾಹತು ಸಾಕಲಾಗದೆ ಬಿಟ್ಟಿತು ಅನ್ನುವುದು?

ಲೆಕ್ಕಪತ್ರ

ದಿವಾಳಿ ವಾದ ಗೋಲ್ಡ್ ಕೋಸ್ಟಿಗೆ ತಲೆಕೆಳಗಾಗಿ ಹೊಂದುತ್ತದೆ. ಯುದ್ಧಾನಂತರ ಬ್ರಿಟನ್ನಿಗಿದ್ದ ಕೊರತೆ ಡಾಲರಿನದು. ಗೋಲ್ಡ್ ಕೋಸ್ಟಿನ ಕೋಕೋಗೆ ಅಮೆರಿಕದಲ್ಲಿ ದೊಡ್ಡ ಮಾರುಕಟ್ಟೆ, ಬರುತ್ತಿದ್ದದ್ದು ಡಾಲರು. ಆ ಡಾಲರು ಲಂಡನ್ನಿನ ಸ್ಟರ್ಲಿಂಗ್ ವಲಯದ (ಬ್ರಿಟಿಷ್ ಪೌಂಡಿಗೆ ಕಟ್ಟುಬಿದ್ದ ದೇಶಗಳ ಕೂಟದ) ಒಟ್ಟು ನಿಧಿಗೆ ಸೇರುತ್ತಿತ್ತು, ವಸಾಹತಿನ ಖಾತೆಗೆ ಅದರ ಬದಲು ಪೌಂಡು ಜಮೆ. ಮಲಯಾದ ಜೊತೆಗೆ ಬ್ರಿಟನ್ನಿಗೆ ಅತಿ ಹೆಚ್ಚು ಡಾಲರು ತಂದುಕೊಟ್ಟ ವಸಾಹತು ಇದು. ಸಾಕಲಾಗದೆ ಬಿಟ್ಟರು ಅನ್ನುವುದಕ್ಕಿಂತ, ಹಣ ತರುತ್ತಿದ್ದರೂ ಬಿಡಬೇಕಾಯಿತು ಅನ್ನುವುದು ಸರಿ.

ಬಿಡಲು ಅಷ್ಟು ನೋವಾಗಲಿಲ್ಲ ಯಾಕೆ ಅನ್ನುವುದಕ್ಕೂ ಲೆಕ್ಕ ಇದೆ. ಮಾರಾಟ ಮಂಡಳಿ ರೈತನಿಗೆ ಕೊಡದೆ ಉಳಿಸಿದ ಹಣ ಲಂಡನ್ನಿನಲ್ಲಿ ಬ್ರಿಟಿಷ್ ಸಾಲಪತ್ರಗಳ ರೂಪದಲ್ಲಿ ಕೂತಿತ್ತು. ಮಂಡಳಿಯದು, ಸರ್ಕಾರದ್ದು ಎಲ್ಲ ಸೇರಿ ಸ್ವಾತಂತ್ರ್ಯದ ಹೊತ್ತಿಗೆ ಸುಮಾರು 20 ಕೋಟಿ ಪೌಂಡ್. ಆಡಳಿತ ಆಫ್ರಿಕನ್ನರ ಕೈಗೆ ಹೋದರೂ ದೇಶ ಸ್ಟರ್ಲಿಂಗ್ ವಲಯದಲ್ಲಿ ಇರುತ್ತದೆ, ಕಾಮನ್‌ವೆಲ್ತ್‌ನಲ್ಲಿ ಇರುತ್ತದೆ, ಚಿನ್ನದ ಗಣಿಗಳು ಬ್ರಿಟಿಷ್ ಕಂಪನಿಗಳ ಹತ್ತಿರವೇ ಇರುತ್ತವೆ ಅಂದಮೇಲೆ, ಸೈನ್ಯ ಇಟ್ಟು ಹಿಡಿದಿಡುವ ಖರ್ಚಿಗಿಂತ ರಾಜಿಯೇ ಅಗ್ಗ. ಕೆನ್ಯಾದಲ್ಲಿ 1952ರಿಂದ ನಡೆದ ತುರ್ತುಸ್ಥಿತಿ ಆ ಖರ್ಚು ಎಷ್ಟಾಗಬಹುದು ಅಂತ ತೋರಿಸುತ್ತಲೇ ಇತ್ತು.

ಸೈನಿಕರ ವಿಷಯ: ಇಟ್ಟುಕೊಳ್ಳಿ, ಆದರೆ ಉಬ್ಬಿಸಬೇಡಿ. ಗೋಲ್ಡ್ ಕೋಸ್ಟಿನಿಂದ ಸುಮಾರು 65,000 ಮಂದಿ ಸೇನೆಗೆ ಸೇರಿದ್ದರು, ಇಥಿಯೋಪಿಯಾದಲ್ಲೂ ಬರ್ಮಾದ ಅರಕಾನಿನಲ್ಲೂ ಕಾದಾಡಿದರು. ಅವರಲ್ಲಿ ಬಹಳಷ್ಟು ಜನ ಉತ್ತರ ಪ್ರಾಂತ್ಯದವರು, ಮರಳಿ ಹೋದದ್ದು ಹಳ್ಳಿಗೆ. ಸೈನಿಕರೇ ಚಳವಳಿ ಎಬ್ಬಿಸಿದ್ದರೆ ಉತ್ತರ ಮುಂದಿರಬೇಕಿತ್ತು. ಆದದ್ದು ಉಲ್ಟಾ. ದಕ್ಷಿಣದವರು ತಮ್ಮನ್ನು ಆಳುತ್ತಾರೆ ಎಂಬ ಭಯದಿಂದ ಉತ್ತರದವರು 1954ರಲ್ಲಿ ಬೇರೆ ಪಕ್ಷ ಕಟ್ಟಿ, ಅವಸರ ಬೇಡ ಅಂದರು. ಹೊತ್ತಿಕೊಂಡದ್ದು ಆಕ್ರಾದ ಸುತ್ತಮುತ್ತ ಕೆಲಸಕ್ಕಾಗಿ ಅಲೆಯುತ್ತಿದ್ದ ಮಾಜಿ ಸೈನಿಕರ ಗುಂಪು. ಅವರು ಕಿಡಿ ಆದರು, ಚಳವಳಿಯ ಬೆನ್ನೆಲುಬು ಶಾಲೆ ಕಲಿತ ಯುವಕರು ಮತ್ತು ಕಾರ್ಮಿಕ ಸಂಘಗಳು.

ಇನ್ನೊಂದು ಸ್ವಾರಸ್ಯ. ಮರ ಕಡಿಯುವುದರ ವಿರುದ್ಧ ಕೂಗಿ ಹಳ್ಳಿಯ ಮತ ಗಳಿಸಿದ ಸಿಪಿಪಿ, ಅಧಿಕಾರಕ್ಕೆ ಬಂದಮೇಲೆ ಪರಿಹಾರ ಕೊಟ್ಟು ಅದೇ ಮರಗಳನ್ನು ಕಡಿಸಿತು. ಬೇರೆ ದಾರಿ ಇಲ್ಲ ಅಂತ ಹೊರಗಿನ ವಿಜ್ಞಾನಿಗಳೂ ಹೇಳಿಯಾಗಿತ್ತು.

ಗಡಿರೇಖೆ

ಮತಪೆಟ್ಟಿಗೆ ಅವರು 1951ರ ನಂತರದ್ದನ್ನು ಬರೀ ಚೌಕಾಸಿ ಅಂದುಬಿಟ್ಟರು, ಅದನ್ನು ಒಪ್ಪಲಾರೆ. 1954ರಿಂದ 1956ರವರೆಗೆ ಇಡೀ ಯೋಜನೆ ಮುರಿದುಬೀಳುವ ಹಂತಕ್ಕೆ ಬಂದಿತ್ತು. ಕಾರಣ ಮತ್ತೆ ಕೋಕೋ.

1954ರ ಜೂನ್ ಚುನಾವಣೆಯಲ್ಲಿ 104 ಸ್ಥಾನಗಳಲ್ಲಿ 72 ಗೆದ್ದ ಸಿಪಿಪಿ, ಆಗಸ್ಟ್‌ನಲ್ಲಿ ರೈತನಿಗೆ ಕೊಡುವ ಬೆಲೆಯನ್ನು 60 ಪೌಂಡ್ ತೂಕದ ಒಂದು ಲೋಡಿಗೆ 72 ಶಿಲ್ಲಿಂಗ್ ಅಂತ ನಾಲ್ಕು ವರ್ಷಕ್ಕೆ ಕಾನೂನಿನಿಂದ ಕಟ್ಟಿಹಾಕಿತು. ಟನ್ನಿಗೆ ಲೆಕ್ಕ ಹಾಕಿದರೆ ಸುಮಾರು 134 ಪೌಂಡ್. ಲಂಡನ್ನಿನಲ್ಲಿ ಆಗ ಟನ್ನಿನ ಬೆಲೆ 400 ಪೌಂಡ್ ದಾಟಿತ್ತು. ನಡುವಿನ ಹಣ ರಸ್ತೆ, ಶಾಲೆ, ಬಂದರಿಗೆ ಬೇಕು, ಎಲ್ಲಾ ರೈತನ ಕೈಗೆ ಕೊಟ್ಟರೆ ಹಣದುಬ್ಬರ ಆಗುತ್ತದೆ ಅನ್ನುವುದು ಸರ್ಕಾರದ ವಾದ. ಕೋಕೋ ಹೆಚ್ಚು ಬೆಳೆಯುತ್ತಿದ್ದ ಅಶಾಂತಿಯವರಿಗೆ ಕೇಳಿಸಿದ್ದು, ನಮ್ಮ ದುಡ್ಡಲ್ಲಿ ಕರಾವಳಿಯವರು ಮೆರೆಯುತ್ತಾರೆ ಅಂತ. ಒಂದೇ ತಿಂಗಳಲ್ಲಿ, ಸೆಪ್ಟೆಂಬರ್ 19ರಂದು, ಕುಮಾಸಿಯಲ್ಲಿ ಎನ್‌ಎಲ್‌ಎಂ (ನ್ಯಾಷನಲ್ ಲಿಬರೇಷನ್ ಮೂವ್‌ಮೆಂಟ್) ಎಂಬ ಪಕ್ಷ ಹುಟ್ಟಿತು. ಮುಖಂಡ ಬಾಫೂರ್ ಒಸೇಯ್ ಅಕೋಟೊ ಅಶಾಂತಿ ದೊರೆಯ ಆಸ್ಥಾನದ ವಕ್ತಾರ. ಬೇಡಿಕೆ ಒಕ್ಕೂಟ ವ್ಯವಸ್ಥೆ. ಕುಮಾಸಿಯ ಬೀದಿಗಳಲ್ಲಿ ಹೊಡೆದಾಟ, ಬಾಂಬು, ಸಿಪಿಪಿಯವರು ಊರು ಬಿಟ್ಟು ಓಡುವ ಸ್ಥಿತಿ.

ಇದರ ಫಲವಾಗಿ ವಸಾಹತು ಕಾರ್ಯದರ್ಶಿ ಲೆನಾಕ್ಸ್-ಬಾಯ್ಡ್ ಇನ್ನೊಂದು ಚುನಾವಣೆ ನಡೆಸಿ, ಗೆದ್ದು, ಸಭೆಯಲ್ಲಿ ತಕ್ಕಷ್ಟು ಬಹುಮತದಿಂದ ಗೊತ್ತುವಳಿ ಮಾಡಿದರೆ ದಿನಾಂಕ ಕೊಡುತ್ತೇವೆ ಅಂದ. 1956ರ ಜುಲೈನಲ್ಲಿ ಸಿಪಿಪಿಗೆ 71 ಸ್ಥಾನ, ಶೇ. 57ರಷ್ಟು ಮತ. ಅಶಾಂತಿಯ 21 ಸ್ಥಾನಗಳಲ್ಲಿ ಮಾತ್ರ 8. ಆಗಸ್ಟ್ 3ರಂದು ವಿರೋಧ ಪಕ್ಷ ಹೊರಗುಳಿದ ಸಭೆಯಲ್ಲಿ 72-0 ಅಂತರದಲ್ಲಿ ಸ್ವಾತಂತ್ರ್ಯದ ಗೊತ್ತುವಳಿ ಪಾಸಾಯಿತು. ಒಕ್ಕೂಟ ಸಿಗಲಿಲ್ಲ, ರಾಜಿಯಾಗಿ ಪ್ರಾದೇಶಿಕ ಸಭೆಗಳ ಭರವಸೆ ಸಂವಿಧಾನಕ್ಕೆ ಸೇರಿತು. ಅವು ಬಹಳ ದಿನ ಬಾಳಲಿಲ್ಲ, ಅದು ಬೇರೆ ಕಥೆ.

ಟೋಗೊಲ್ಯಾಂಡನ್ನೂ ಬಿಡಬೇಡಿ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯಿಂದ ಕಿತ್ತುಕೊಂಡ ಆ ಪಟ್ಟಿಯನ್ನು ಬ್ರಿಟನ್ ಗೋಲ್ಡ್ ಕೋಸ್ಟಿನ ಜೊತೆ ಆಳುತ್ತಿದ್ದರೂ ಕಾನೂನಿನಲ್ಲಿ ಅದು ವಿಶ್ವಸಂಸ್ಥೆಯ ವಿಶ್ವಸ್ತ ಪ್ರದೇಶ, ಅಂದರೆ ವಿಶ್ವಸಂಸ್ಥೆಯ ಮೇಲುಸ್ತುವಾರಿಯಲ್ಲಿ ಆಳಬೇಕಾದ ನಾಡು. ಗೋಲ್ಡ್ ಕೋಸ್ಟ್ ಸ್ವತಂತ್ರವಾದರೆ ಅದರ ಗತಿ ಏನು? 1956ರ ಮೇ 9ರಂದು ಜನಮತಗಣನೆ ನಡೆಯಿತು. ಸೇರೋಣ ಅಂದವರು 93,095, ಬೇಡ ಅಂದವರು 67,492. ದಕ್ಷಿಣದ ಎವೆ ಜನರ ಕಡೆ ಬೇಡ ಅಂದವರೇ ಹೆಚ್ಚು, ಉತ್ತರದ ಮತಗಳು ತಕ್ಕಡಿ ವಾಲಿಸಿದವು. ಈ ಗಂಟು ಬಿಡಿಸದೆ ಲಂಡನ್ ದಿನಾಂಕ ಕೊಡುವಂತಿರಲಿಲ್ಲ.

ಇನ್ನು ಸೂಯೆಜ್. ತಾರೀಖು ನೋಡಿದರೆ ಸಾಕು. 1957ರ ಮಾರ್ಚ್ 6 ಎಂಬ ದಿನಾಂಕವನ್ನು ಎನ್‌ಕ್ರೂಮಾ ಸಭೆಯಲ್ಲಿ ಸಾರಿದ್ದು 1956ರ ಸೆಪ್ಟೆಂಬರ್ 18ಕ್ಕೆ. ಇಸ್ರೇಲ್ ಸಿನಾಯ್ ಮೇಲೆ ದಾಳಿ ಮಾಡಿದ್ದು ಅಕ್ಟೋಬರ್ 29ಕ್ಕೆ, ಬ್ರಿಟನ್-ಫ್ರಾನ್ಸ್ ಇಳಿದದ್ದು ಆಮೇಲೆ. ಘಾನಾದ ನಂತರ ಬಂದ ವಸಾಹತುಗಳ ವಿಷಯದಲ್ಲಿ ಸೂಯೆಜ್ ಬಗ್ಗೆ ಚರ್ಚೆ ಮಾಡಬಹುದು, ಘಾನಾಕ್ಕೆ ಅಂಟಿಸಬೇಡಿ. ಮಾರ್ಚ್ 6 ಯಾಕೆ ಅಂದರೆ, 1844ರಲ್ಲಿ ಕರಾವಳಿಯ ಚೀಫ್‌ಗಳು ಬ್ರಿಟಿಷರ ನ್ಯಾಯಾಧಿಕಾರ ಒಪ್ಪಿಕೊಂಡ ಕರಾರಿಗೆ ಸಹಿ ಬಿದ್ದದ್ದು ಅದೇ ದಿನ.

ಕಡತಪ್ರಿಯ

ಗಡಿರೇಖೆ ಅವರ ಮಾತಿನಿಂದ ನೆನಪಾಯಿತು, ಮೂಲ ಪ್ರಶ್ನೆಯ ಕೆನ್ಯಾ ಹೋಲಿಕೆಗೆ ಯಾರೂ ಉತ್ತರ ಕೊಡಲಿಲ್ಲ. ಅದಕ್ಕೆ 1897ಕ್ಕೆ ಹೋಗಬೇಕು. ಆ ವರ್ಷ ಆಡಳಿತ ಜಮೀನು ಮಸೂದೆ ತಂದು ಖಾಲಿ ಭೂಮಿಯ ಮೇಲೆ ಸರ್ಕಾರಕ್ಕೆ ಅಧಿಕಾರ ಕೊಡಲು ಹೊರಟಿತು. ಕೇಪ್ ಕೋಸ್ಟಿನ ವಕೀಲರು, ವರ್ತಕರು, ಚೀಫ್‌ಗಳು ಮೂಲನಿವಾಸಿಗಳ ಹಕ್ಕು ರಕ್ಷಣಾ ಸಂಘ ಕಟ್ಟಿ, 1898ರಲ್ಲಿ ಲಂಡನ್ನಿಗೆ ನಿಯೋಗ ಕಳಿಸಿ ವಸಾಹತು ಕಾರ್ಯದರ್ಶಿ ಚೇಂಬರ್‌ಲೇನ್ ಎದುರು ವಾದಿಸಿದರು, ಮಸೂದೆ ಬಿತ್ತು. ಜಮೀನು ಕುಟುಂಬಗಳ ಮತ್ತು ಚೀಫ್ ಪೀಠಗಳ ಹತ್ತಿರವೇ ಉಳಿಯಿತು. ಮಲೇರಿಯಾ ಕಾಟವೂ ಸೇರಿ, ಬಿಳಿಯ ಒಕ್ಕಲಿಗರು ಇಲ್ಲಿ ಬೇರೂರಲೇ ಇಲ್ಲ. 1948ರ ಜನಗಣತಿಯಲ್ಲಿ 41 ಲಕ್ಷ ಜನ, ಅವರಲ್ಲಿ ಯುರೋಪಿಯನ್ನರು ಕೆಲವೇ ಸಾವಿರ. ಅವರೂ ಬಹುಪಾಲು ಅಧಿಕಾರಿಗಳು, ಗಣಿಯವರು, ಕಂಪನಿಯವರು, ಕೆಲಸ ಮುಗಿದರೆ ಮನೆಗೆ ಹೋಗುವವರು.

ಕೆನ್ಯಾದ ಎತ್ತರದ ಸೀಮೆಯಲ್ಲಿ ಬಿಳಿಯರಿಗೇ ಮೀಸಲಾದ ಜಮೀನು, ಅವರ ಪರವಾಗಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಗಲಾಟೆ ಮಾಡುವ ಬಂಧುಬಳಗ. ದಕ್ಷಿಣ ರೊಡೇಶಿಯಾದಲ್ಲಿ ಅದೇ ಜನ 1980ರವರೆಗೆ ಎಳೆದರು. ಆಕ್ರಾದಲ್ಲಿ ಅಧಿಕಾರ ಬಿಟ್ಟುಕೊಡುವುದನ್ನು ತಡೆಯುವ ಬಿಳಿಯರ ಗುಂಪೇ ಇರಲಿಲ್ಲ. ನೈಜೀರಿಯಾದಲ್ಲೂ ಇರಲಿಲ್ಲ, ಆದರೆ ಅಲ್ಲಿ ಮೂರು ದೊಡ್ಡ ಪ್ರಾಂತ್ಯಗಳು ಒಂದನ್ನೊಂದು ನಂಬದೆ ತಡವಾಯಿತು. ಇಲ್ಲಿ ಅಶಾಂತಿಯ ಪೇಚು ಎರಡು ವರ್ಷದಲ್ಲಿ ಮತಪೆಟ್ಟಿಗೆಯಲ್ಲಿ ತೀರ್ಮಾನವಾಯಿತು.

ಟಿಪ್ಪಣಿಗೆ ಒಂದು ತಿದ್ದುಪಡಿ: ಸಹಾರಾದ ದಕ್ಷಿಣಕ್ಕೆ ಮೊದಲು ಸ್ವತಂತ್ರವಾದ ವಸಾಹತು ಘಾನಾ ಅಂತ ಬರೆಯುವಾಗ ಸುಡಾನನ್ನು ಒಂದು ವಾಕ್ಯದಲ್ಲಾದರೂ ಸೇರಿಸಿ. ಅದು 1956ರ ಜನವರಿ 1ಕ್ಕೇ ಸ್ವತಂತ್ರವಾಗಿತ್ತು. ಆದರೆ ಹೆಸರಿಗೆ ಅದು ಬ್ರಿಟನ್ ಮತ್ತು ಈಜಿಪ್ಟ್ ಜಂಟಿಯಾಗಿ ಆಳುತ್ತಿದ್ದ ನಾಡಾದ್ದರಿಂದ ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಜಾಣ ವಿದ್ಯಾರ್ಥಿ ಇದ್ದರೆ ಖಂಡಿತ ಕೇಳುತ್ತಾನೆ.